ಟ್ರೈಲರ್ ಎಳೆದುಕೊಂಡು ದೂರ ಹೊರಟಾಗ ಮೀಸಲು ಡೀಸೆಲ್: ಯಾವ ಕ್ಯಾನು, ಯಾವ ಪಂಪು, ಎಲ್ಲಿ ಕಟ್ಟಬೇಕು

ಹಾಸನ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು ಭಾಗದಿಂದ ಪಿಕಪ್ಪಿನ ಹಿಂದೆ ಟ್ರೈಲರ್ ಕಟ್ಟಿಕೊಂಡು ದೂರದ ಊರಿಗೆ ಹೊರಡುವವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಕೆಲವರು ಹಳೆಯ ಜೀಪನ್ನು ಟ್ರೈಲರ್ ಮೇಲೆ ಹತ್ತಿಸಿಕೊಂಡು ಆಫ್‌ರೋಡ್ ಸ್ಪರ್ಧೆಗಳಿಗೆ ಹೋಗುತ್ತಾರೆ. ಇನ್ನು ಕೆಲವರು ಮೆಣಸು ಬಿಡಿಸುವ ಯಂತ್ರವನ್ನೋ ಪವರ್ ಟಿಲ್ಲರನ್ನೋ ಬೇರೆ ಜಿಲ್ಲೆಯ ತೋಟಕ್ಕೆ ಸಾಗಿಸುತ್ತಾರೆ. ಹೊರಡುವ ಹಿಂದಿನ ದಿನ ಇವರಲ್ಲಿ ಬಹುತೇಕರು ಕೇಳುವ ಪ್ರಶ್ನೆ ಒಂದೇ: ಮೀಸಲು ಡೀಸೆಲಿಗೆ ಯಾವ ಕ್ಯಾನು ಒಳ್ಳೆಯದು? ನಾನೂ ಮೊದಮೊದಲು ಕ್ಯಾನಿನಿಂದಲೇ ಯೋಚನೆ ಆರಂಭಿಸುತ್ತಿದ್ದೆ. ಕ್ಯಾನಿನಿಂದ ಟ್ಯಾಂಕಿಗೆ ಡೀಸೆಲ್ ಹೇಗೆ ಇಳಿಯುತ್ತದೆ, ಅದನ್ನು ಇಳಿಸುವವರು ಯಾರು, ಯಾವ ಜಾಗದಲ್ಲಿ, ಯಾವ ಹವೆಯಲ್ಲಿ ಎಂಬುದನ್ನು ಮೊದಲು ತೀರ್ಮಾನಿಸಿಕೊಂಡು, ಅದಕ್ಕೆ ಹೊಂದುವ ಕ್ಯಾನನ್ನು ಆಮೇಲೆ ಆರಿಸಬೇಕು ಎಂಬುದು ಹಲವು ಪ್ರಯಾಣಗಳ ಬಳಿಕ ನನಗೆ ಖಚಿತವಾಗಿದೆ. ಈ ಬರಹದ ಹೋಲಿಕೆಗಳೆಲ್ಲ ಆ ಕ್ರಮದಲ್ಲೇ ಇವೆ.

ಮೊದಲು ಲೆಕ್ಕ

ಮೀಸಲು ಡೀಸೆಲ್ ನಿಜವಾಗಿಯೂ ಬೇಕೇ ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಬೇಕು. ನನ್ನ ಪಿಕಪ್ಪಿನ ಟ್ಯಾಂಕು 60 ಲೀಟರಿನದು. ಖಾಲಿ ಗಾಡಿ ಲೀಟರಿಗೆ 13 ಕಿ.ಮೀ. ಕೊಡುತ್ತದೆ. ಜೀಪು ಹೊತ್ತ ಟ್ರೈಲರನ್ನು ಹಿಂದೆ ಕಟ್ಟಿದರೆ ಬಯಲುಸೀಮೆಯ ಹೆದ್ದಾರಿಯಲ್ಲಿ 9ಕ್ಕೆ, ಘಾಟಿ ಏರುವಾಗ ಆರೂವರೆಗೆ ಇಳಿಯುತ್ತದೆ. ತಳದ 10 ಲೀಟರನ್ನು ಮುಟ್ಟಬಾರದು ಎಂಬ ನಿಯಮ ಇಟ್ಟುಕೊಂಡರೆ ಉಳಿಯುವ 50 ಲೀಟರಿನಲ್ಲಿ ಬಯಲಿನಲ್ಲಿ 450 ಕಿ.ಮೀ., ಘಾಟಿಯ ದಾರಿಯಲ್ಲಿ 325 ಕಿ.ಮೀ. ಹೋಗಬಹುದು. 20 ಲೀಟರಿನ ಒಂದು ಕ್ಯಾನು ಇದಕ್ಕೆ ಸೇರಿಸುವುದು ಬಯಲಿನಲ್ಲಿ 180 ಕಿ.ಮೀ., ಘಾಟಿಯಲ್ಲಿ 130 ಕಿ.ಮೀ. ಮಾತ್ರ. ನಿಮ್ಮ ಗಾಡಿಯ ಅಂಕಿಗಳು ಬೇರೆಯಿರುತ್ತವೆ. ಟ್ರೈಲರ್ ಕಟ್ಟಿ, ಅದೇ ಭಾರ ಹೇರಿ, ಬಾಯಿತುಂಬ ಡೀಸೆಲ್ ಹಾಕಿಸಿ ನೂರು ಕಿ.ಮೀ. ಓಡಿಸಿ, ಮತ್ತೆ ಬಾಯಿತುಂಬ ಹಾಕಿಸಿದಾಗ ಎಷ್ಟು ಹಿಡಿಯಿತೆಂದು ನೋಡದ ಹೊರತು ಆ ಅಂಕಿ ಸಿಗುವುದಿಲ್ಲ. ಮೀಟರಿನಲ್ಲಿ ತೋರುವ ಮೈಲೇಜನ್ನು ನಂಬಿ ಹೊರಡುವುದು ತಪ್ಪು.

ಈ ಲೆಕ್ಕದ ಪ್ರಕಾರ ಚಿಕ್ಕಮಗಳೂರಿನಿಂದ ಕಡೂರಿಗೆ ಇಳಿದು, ಚಿತ್ರದುರ್ಗದ ಬಳಿ 48ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರದ ಮೇಲೆ ಪುಣೆಗೆ ಹೋಗುವವರಿಗೆ ಕ್ಯಾನಿನ ಅಗತ್ಯವೇ ಇಲ್ಲ. ಆ ದಾರಿಯ ಉದ್ದಕ್ಕೂ ಬಂಕುಗಳಿವೆ. ಟ್ಯಾಂಕು ಅರ್ಧಕ್ಕೆ ಬಂದಾಗಲೆಲ್ಲ ತುಂಬಿಸಿಕೊಳ್ಳುವುದು ಯಾವ ಕ್ಯಾನಿಗಿಂತಲೂ ಸುರಕ್ಷಿತವಾದ ಮೀಸಲು. ಹಾಸನದಿಂದ ಬೆಂಗಳೂರಿನ ಕಡೆಗೆ ಹೊರಟವರಿಗೂ ಇದೇ ಮಾತು ಅನ್ವಯಿಸುತ್ತದೆ.

ಕ್ಯಾನು ಬೇಕಾಗುವುದು ಮೂರು ಸಂದರ್ಭಗಳಲ್ಲಿ. ಒಂದು, ಬಂಕುಗಳ ನಡುವಿನ ಅಂತರವೇ ದೊಡ್ಡದಿರುವ ದಾರಿ. ಮನಾಲಿಯಿಂದ ಲೇಹ್‌ಗೆ ಹೋಗುವಾಗ ತಾಂಡಿಯಲ್ಲಿ ಮುಂದಿನ ಬಂಕು 365 ಕಿ.ಮೀ. ದೂರದಲ್ಲಿದೆ ಎಂದು ಎಚ್ಚರಿಸುವ ಫಲಕ ಬಹಳ ಕಾಲದಿಂದ ಪ್ರಸಿದ್ಧವಾಗಿದೆ. ಮೇಲಿನ ಘಾಟಿಯ ಲೆಕ್ಕದೊಂದಿಗೆ ಅದನ್ನು ಹೋಲಿಸಿ ನೋಡಿದರೆ, ಟ್ರೈಲರ್ ಎಳೆಯುವ ಗಾಡಿಗೆ 60 ಲೀಟರಿನ ಟ್ಯಾಂಕು ಅಷ್ಟು ದೂರಕ್ಕೆ ಸಾಲದು ಎಂಬುದು ತಿಳಿಯುತ್ತದೆ. ಎರಡು, ಸ್ಪರ್ಧೆಯ ಮೈದಾನದಲ್ಲಿ ಟ್ರೈಲರ್ ಮೇಲಿನ ಜೀಪಿಗೂ ಡೀಸೆಲ್ ಬೇಕಾಗುವುದು. ಮೂರನೆಯದು ನಮ್ಮ ಮಲೆನಾಡಿನವರಿಗೆ ಎಲ್ಲಕ್ಕಿಂತ ಹತ್ತಿರದ್ದು: ಮಳೆಗಾಲದ ಗುಡ್ಡ ಕುಸಿತ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಮುಚ್ಚಿತು. 2024ರ ಜುಲೈಯಲ್ಲಿ ಸಕಲೇಶಪುರದ ಬಳಿಯ ದೊಡ್ಡತಪ್ಪಲಿನಲ್ಲಿ ಗುಡ್ಡ ಜರಿದು ಶಿರಾಡಿ ದಾರಿ ನಿಂತುಹೋಯಿತು. ಅಂತಹ ದಿನಗಳಲ್ಲಿ ಗಾಡಿಗಳ ಸಾಲಿನ ನಡುವೆ ಸಿಕ್ಕಿಕೊಂಡರೆ, ಟ್ರೈಲರ್ ಕಟ್ಟಿದವನಿಗೆ ಹಿಂದಕ್ಕೆ ತಿರುಗಿಸಿಕೊಳ್ಳಲೂ ಜಾಗವಿರುವುದಿಲ್ಲ. ಕೊನೆಗೆ ತಿರುಗಿಸಿಕೊಂಡು ಮಡಿಕೇರಿ, ಸಂಪಾಜೆಯ ಸುತ್ತುದಾರಿ ಹಿಡಿದರೆ ಹೊರಡುವಾಗಿನ ಲೆಕ್ಕವೆಲ್ಲ ಬದಲಾಗುತ್ತದೆ.

ಸುರಿಯುವ ಬಗೆ

ನಾನು ಪಾಠ ಕಲಿತದ್ದು ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವ ದಾರಿಯಲ್ಲಿ, ಆಷಾಢದ ಮಳೆಯಲ್ಲಿ. ಮುಂದೆ ಮರ ಬಿದ್ದು ದಾರಿ ಕಟ್ಟಿತ್ತು. ನಾಲ್ಕು ಗಂಟೆ ನಿಂತಲ್ಲೇ ನಿಂತೆವು. ಗಾಜಿನ ಮಂಜು ಹೋಗಲೆಂದೂ ದೀಪಗಳಿಗೆಂದೂ ಎಂಜಿನ್ನು ಓಡುತ್ತಲೇ ಇತ್ತು. ಹೊರಡುವಾಗಲೇ ಟ್ಯಾಂಕು ಕಾಲುಭಾಗಕ್ಕಿಂತ ಕಡಿಮೆಯಿದ್ದುದು ನನ್ನದೇ ಅಲಕ್ಷ್ಯ. ಸೂಜಿ ಕೆಂಪಿಗೆ ಬಂದಾಗ 20 ಲೀಟರಿನ ಕ್ಯಾನನ್ನು ಇಳಿಸಿದೆ. ಜತೆಗಿದ್ದ ಹುಡುಗ ಕೊಡೆ ಹಿಡಿದ, ನಾನು ಕ್ಯಾನನ್ನು ಎದೆಗೆ ಆನಿಸಿಕೊಂಡು ಪ್ಲಾಸ್ಟಿಕ್ ಲಾಳಿಕೆಯ ಮೇಲೆ ಬಗ್ಗಿಸಿದೆ. ಡೀಸೆಲ್ ಸರಾಗವಾಗಿ ಬೀಳಲಿಲ್ಲ. ಒಳಗೆ ಗಾಳಿ ಹೋಗಲು ದಾರಿಯಿಲ್ಲದೆ ಗುಳುಗುಳು ಎಂದು ಉಕ್ಕಿ ಉಕ್ಕಿ ಬಿತ್ತು. ಪ್ರತಿ ಉಕ್ಕಿಗೂ ಲಾಳಿಕೆ ಓರೆಯಾಯಿತು. ಕೊಡೆಯ ಕಡ್ಡಿಯಿಂದ ಇಳಿದ ಮಳೆನೀರು ನೇರವಾಗಿ ಲಾಳಿಕೆಯೊಳಗೆ ಬೀಳುತ್ತಿದ್ದುದನ್ನು ನಾನು ಕಂಡದ್ದು ಕೊನೆಯಲ್ಲಿ. ಮೂರ್ನಾಲ್ಕು ಲೀಟರ್ ಡೀಸೆಲ್ ರಸ್ತೆಗೆ ಹೋಯಿತು. ಉಜಿರೆ ತಲುಪುವ ಮೊದಲೇ ಡೀಸೆಲಿನಲ್ಲಿ ನೀರಿದೆ ಎಂದು ತೋರಿಸುವ ದೀಪ ಹತ್ತಿತು. ಫಿಲ್ಟರಿನ ತಳದ ತಿರುಪು ಸಡಿಲಿಸಿ ನೀರು ಇಳಿಸಿದಾಗ ಅರ್ಧ ಲೋಟದಷ್ಟು ಬಂತು.

ಕ್ಯಾನಿನಲ್ಲಿ ದೋಷವಿರಲಿಲ್ಲ. ಸುರಿಯುವ ಬಗೆಯನ್ನು ನಾನು ಮುಂಚೆ ಯೋಚಿಸಿರಲಿಲ್ಲ. ಡೀಸೆಲಿನ ಸಾಂದ್ರತೆ ಲೀಟರಿಗೆ ಸುಮಾರು 0.83 ಕಿಲೋ. 20 ಲೀಟರೆಂದರೆ ಹದಿನಾರೂವರೆ ಕಿಲೋ. ಕಬ್ಬಿಣದ ಕ್ಯಾನಿನ ತೂಕ ನಾಲ್ಕೂವರೆ ಕಿಲೋ ಸೇರಿದರೆ 21 ಕಿಲೋ. ಅಷ್ಟು ಭಾರವನ್ನು ಸೊಂಟದಿಂದ ಮೇಲಕ್ಕೆ ಎತ್ತಿ ಹಿಡಿದು, ಕೆಲವು ನಿಮಿಷ ಅಲುಗದೆ ಓರೆ ಮಾಡಿಟ್ಟುಕೊಳ್ಳುವುದು ಒಬ್ಬರಿಂದ ಆಗದ ಕೆಲಸ. ಲಾಳಿಕೆಯನ್ನೇ ನೆಚ್ಚುವುದಾದರೆ 10 ಲೀಟರಿನ ಎರಡು ಕ್ಯಾನು, ಗಾಳಿ ಒಳಸೇರುವ ಕೊಳವೆಯಿರುವ ಮೂತಿ, ಜಾಲರಿಯಿರುವ ಉದ್ದ ಕತ್ತಿನ ಲಾಳಿಕೆ ಇವು ಮೂರೂ ಒಟ್ಟಿಗೆ ಇರಬೇಕು. ಈಚಿನ ಹಲವು ಗಾಡಿಗಳ ಟ್ಯಾಂಕಿನ ಬಾಯಿಯೊಳಗೆ ಸ್ಪ್ರಿಂಗಿನ ತಗಡಿನ ತಡೆ ಇರುತ್ತದೆ. ಗಿಡ್ಡ ಲಾಳಿಕೆ ಅದನ್ನು ತಳ್ಳಲಾರದು. ಮನೆಯಂಗಳದಲ್ಲಿ ಒಮ್ಮೆ ಪ್ರಯತ್ನಿಸಿ ನೋಡದೆ ಯಾವ ಲಾಳಿಕೆಯನ್ನೂ ಪ್ರಯಾಣಕ್ಕೆ ಒಯ್ಯಬೇಡಿ.

ನನಗೆ ಈಗ ಹೆಚ್ಚು ಒಪ್ಪಿಗೆಯಾಗಿರುವುದು ಅಲುಗಿಸುವ ಪೈಪು. ಬೆರಳಿನಷ್ಟು ದಪ್ಪದ ಪಾರದರ್ಶಕ ಪೈಪಿನ ತುದಿಗೆ ತಾಮ್ರದ ಅಥವಾ ಹಿತ್ತಾಳೆಯ ಗುಬ್ಬಿ, ಅದರೊಳಗೆ ಗೋಲಿ. ಗುಬ್ಬಿಯನ್ನು ಡೀಸೆಲಿನಲ್ಲಿ ಮುಳುಗಿಸಿ ಮೇಲೆ ಕೆಳಗೆ ಏಳೆಂಟು ಸಲ ಕುಲುಕಿದರೆ, ಪ್ರತಿ ಕುಲುಕಿಗೂ ಗೋಲಿ ಎದ್ದು ಒಂದಿಷ್ಟು ಡೀಸೆಲ್ ಒಳಬಿಟ್ಟು ಮತ್ತೆ ಕೂತು ಅದನ್ನು ತಡೆಹಿಡಿಯುತ್ತದೆ. ಪೈಪಿನಲ್ಲಿ ಹಳದಿ ಗೆರೆ ಏರಿ, ಬಾಗು ದಾಟಿ, ಕೆಳಗಿಳಿಯಲು ಆರಂಭಿಸಿತೆಂದರೆ ಉಳಿದದ್ದು ತಾನಾಗಿಯೇ ಹರಿಯುತ್ತದೆ. 20 ಲೀಟರ್ ಇಳಿಯಲು ನನ್ನ ಪೈಪಿನಲ್ಲಿ ನಾಲ್ಕು ನಿಮಿಷ ಸಾಕು. ಕೈಗೆ ಭಾರವಿಲ್ಲ, ಲಾಳಿಕೆ ಬೇಡ, ಮಳೆಯಿದ್ದರೆ ಟ್ಯಾಂಕಿನ ಬಾಯಿಗೂ ಕ್ಯಾನಿನ ಬಾಯಿಗೂ ಬಟ್ಟೆ ಸುತ್ತಿ ಮುಚ್ಚಬಹುದು. ಇದಕ್ಕೆ ಒಂದೇ ಷರತ್ತು: ಕ್ಯಾನಿನ ತಳ ಟ್ಯಾಂಕಿನ ಬಾಯಿಗಿಂತ ಮೇಲಿರಬೇಕು. ಪಿಕಪ್ಪಿನ ತೊಟ್ಟಿಯ ನೆಲ ಸಾಮಾನ್ಯವಾಗಿ ಟ್ಯಾಂಕಿನ ಬಾಯಿಗಿಂತ ಸ್ವಲ್ಪ ಕೆಳಗೇ ಇರುತ್ತದೆಯಾದ್ದರಿಂದ, ಕ್ಯಾನನ್ನು ಟೂಲ್ ಪೆಟ್ಟಿಗೆಯ ಮೇಲೆ ಏರಿಸಿ ಇಡದಿದ್ದರೆ ಕೊನೆಯ ಐದಾರು ಲೀಟರ್ ಹರಿಯದೆ ನಿಲ್ಲುತ್ತದೆ. ಪೆಟ್ಟಿಗೆಯ ಎತ್ತರವನ್ನೂ ಹೊರಡುವ ಮೊದಲೇ ಅಳೆದುಕೊಳ್ಳಬೇಕು.

ಬಾಯಿಂದ ಪೈಪು ಎಳೆಯುವ ಅಭ್ಯಾಸದ ಬಗ್ಗೆ ಇಲ್ಲಿಯೇ ಹೇಳಬೇಕು. ಅರಸೀಕೆರೆಯ ಆಚೆ ಒಮ್ಮೆ ನಮ್ಮ ಡ್ರೈವರು, ನನಗಿಂತ ಹಿರಿಯರು, ಪೈಪಿನ ಗೋಲಿ ಕಚ್ಚಿಕೊಂಡಿದ್ದನ್ನು ಕಂಡು, “ಬಿಡಿ ಸಾರ್, ಬಾಯಲ್ಲಿ ಎಳೆದುಬಿಡ್ತೀನಿ, ಎಷ್ಟು ಸಲ ಎಳೆದಿಲ್ಲ” ಎಂದರು. ನಾನು ಬೇಡವೆಂದು ಪೈಪು ಕಸಿದುಕೊಂಡೆ; ಅವರಿಗೆ ಬೇಸರವಾಯಿತು. ಬೇಸರವಾದರೂ ಸರಿ, ಕಸಿದುಕೊಳ್ಳಲೇಬೇಕು. ಡೀಸೆಲ್ ಹೊಟ್ಟೆಗೆ ಹೋಗುವುದಕ್ಕಿಂತ ಶ್ವಾಸಕೋಶಕ್ಕೆ ಇಳಿಯುವುದು ಹೆಚ್ಚು ಅಪಾಯ. ಒಂದು ಗುಟುಕಿಗಿಂತ ಕಡಿಮೆ ಒಳಗೆ ಹೋದರೂ ಶ್ವಾಸಕೋಶ ಸುಟ್ಟಂತಾಗಿ ನ್ಯುಮೋನಿಯಾ ಆಗಬಹುದು, ಕೆಮ್ಮು ಉಬ್ಬಸಗಳು ಕೆಲವು ಗಂಟೆ ಬಿಟ್ಟು ಕಾಣಿಸಿಕೊಳ್ಳಬಹುದು. ಅಂತಹವರಿಗೆ ವಾಂತಿ ಮಾಡಿಸಬಾರದು. ವಾಂತಿಯ ಜತೆ ಡೀಸೆಲ್ ಮತ್ತೊಮ್ಮೆ ಶ್ವಾಸನಾಳಕ್ಕೆ ಹೋಗುತ್ತದೆ. ಚೆನ್ನಾಗಿರುವಂತೆ ಕಂಡರೂ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಎರಡನೆಯ ಪೈಪೊಂದು ಇದ್ದಿದ್ದರೆ ಆ ಮಾತೇ ಬರುತ್ತಿರಲಿಲ್ಲ. ಅಂದಿನಿಂದ ನಾನು ಎರಡು ಪೈಪು ಇಟ್ಟುಕೊಳ್ಳುತ್ತೇನೆ.

ಕೈಯಿಂದ ತಿರುಗಿಸುವ ಪಂಪು ಮತ್ತು ಬ್ಯಾಟರಿಯ ಪಂಪು, ಇವೆರಡರ ಉಪಯೋಗ ಬೇರೆ. ಕ್ಯಾನು ನೆಲದ ಮೇಲೆಯೇ ಇದ್ದು ಟ್ಯಾಂಕು ಮೇಲಿದ್ದರೆ ಅಲುಗಿಸುವ ಪೈಪಿನಿಂದ ಪ್ರಯೋಜನವಿಲ್ಲ. ಆಗ ತಿರುಗಿಸುವ ಪಂಪೇ ಬೇಕು. 200 ಲೀಟರಿನ ಬ್ಯಾರಲ್ ಇಟ್ಟುಕೊಂಡವರಿಗೂ ಅದೇ ದಾರಿ. ಪಂಪು ಭಾರ, ಜಾಗ ತಿನ್ನುತ್ತದೆ, ತೆಗೆದಿಡುವಾಗ ತೊಟ್ಟಿಕ್ಕುತ್ತದೆ, ಆದರೆ ಕೆಡುವುದು ಕಡಿಮೆ. 12 ವೋಲ್ಟಿನ ಪಂಪು ವೇಗವಾದದ್ದು, ಎರಡು ಗಾಡಿಗಳಿಗೆ ಪದೇ ಪದೇ ಹಾಕುವವರಿಗೆ ಅನುಕೂಲ. ಕೊಳ್ಳುವಾಗ ಅದರ ಮೇಲೆ ಡೀಸೆಲಿಗೆಂದೇ ಬರೆದಿದೆಯೇ ನೋಡಬೇಕು. ನೀರಿನ ಪಂಪಿನ ರಬ್ಬರು ಡೀಸೆಲಿನಲ್ಲಿ ಉಬ್ಬಿ ಕೆಡುತ್ತದೆ. ಬ್ಯಾಟರಿಗೆ ಕ್ಲಿಪ್ಪು ಹಾಕುವಾಗ ಕಿಡಿ ಹಾರುವುದರಿಂದ ಮೊದಲು ಕ್ಲಿಪ್ಪು ಹಾಕಿ, ಸ್ವಿಚ್ಚು ಆಫ್ ಇರುವಂತೆ ನೋಡಿಕೊಂಡು, ಆಮೇಲೆ ಕ್ಯಾನಿನ ಮುಚ್ಚಳ ತೆಗೆಯಬೇಕು. ಪೆಟ್ರೋಲಿಗೆ ಈ ಪಂಪನ್ನು ಎಂದಿಗೂ ಬಳಸಬಾರದು. ಒಂದೇ ಕ್ಯಾನು ಒಯ್ಯುವವರು ಬ್ಯಾಟರಿ ಪಂಪಿಗೆ ಹಣ ಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ಪಾತ್ರೆಗಳ ಹೋಲಿಕೆ

ಕಬ್ಬಿಣದ 20 ಲೀಟರಿನ ಜೆರಿಕ್ಯಾನ್ 1937ರ ಸುಮಾರಿಗೆ ಜರ್ಮನ್ ಸೈನ್ಯಕ್ಕಾಗಿ ರೂಪುಗೊಂಡಿತು. ಜರ್ಮನರನ್ನು ಬ್ರಿಟಿಷ್ ಸೈನಿಕರು ಜೆರಿ ಎಂದು ಕರೆಯುತ್ತಿದ್ದುದರಿಂದ ಆ ಹೆಸರು ಬಂತು. ಇಂದಿಗೂ ಅದರ ರೂಪ ಬಹುಮಟ್ಟಿಗೆ ಹಾಗೆಯೇ ಇರುವುದಕ್ಕೆ ಕಾರಣಗಳಿವೆ. ಮೇಲಿನ ಮೂರು ಹಿಡಿಗಳಿಂದ ಇಬ್ಬರು ಎರಡು ಕಡೆ ಹಿಡಿದು ಎತ್ತಬಹುದು, ಒಬ್ಬರೇ ನಡುವಿನ ಹಿಡಿ ಹಿಡಿಯಬಹುದು, ಖಾಲಿ ಕ್ಯಾನುಗಳನ್ನು ಒಂದೇ ಕೈಯಲ್ಲಿ ಎರಡೆರಡು ಒಯ್ಯಬಹುದು. ಪಕ್ಕದಲ್ಲಿರುವ, ಗುಣಾಕಾರ ಚಿಹ್ನೆಯಂತಹ (×) ಮಡಿಕೆ ತಗಡನ್ನು ಗಟ್ಟಿಮಾಡುವುದರ ಜತೆಗೆ ಒಳಗಿನ ಇಂಧನ ಹಿಗ್ಗಿದಾಗ ತಾನೂ ಒಂದಿಷ್ಟು ಹಿಗ್ಗುತ್ತದೆ. ಹಿಡಿಯ ಕೆಳಗೆ ಗಾಳಿಗೆಂದು ಜಾಗವಿದೆ.

ಈ ಜಾಗ ಏಕೆ ಮುಖ್ಯವೆಂಬುದನ್ನು ಲೆಕ್ಕದಿಂದ ನೋಡಬಹುದು. ಡಿಸೆಂಬರಿನ ಬೆಳಗಿನ ಜಾವ ಚಿಕ್ಕಮಗಳೂರಿನಲ್ಲಿ 15 ಡಿಗ್ರಿಯಲ್ಲಿ ತುಂಬಿಸಿದ 20 ಲೀಟರ್ ಡೀಸೆಲ್, ಮಧ್ಯಾಹ್ನ ಉತ್ತರ ಕರ್ನಾಟಕದ ಬಿಸಿಲಿನಲ್ಲಿ ಟಾರ್ಪಾಲಿನ ಅಡಿ 40 ಡಿಗ್ರಿಗೆ ಕಾದರೆ ಸುಮಾರು 400 ಮಿಲಿಲೀಟರ್ ಹಿಗ್ಗುತ್ತದೆ. ಕುತ್ತಿಗೆಯವರೆಗೂ ತುಂಬಿಸಿದ ಕ್ಯಾನಿನಲ್ಲಿ ಅದಕ್ಕೆ ಜಾಗವಿಲ್ಲ; ವಾಷರನ್ನು ಒತ್ತಿ ಹೊರಬರುತ್ತದೆ. ಆದ್ದರಿಂದ 20 ಲೀಟರಿನ ಕ್ಯಾನಿಗೆ 19 ಲೀಟರ್ ಸಾಕು. ತಗ್ಗಿನ ಊರಿನಲ್ಲಿ ಮುಚ್ಚಿದ ಕ್ಯಾನನ್ನು ಘಾಟಿಯ ಮೇಲೆ ತೆರೆಯುವಾಗ ಬುಸ್ಸೆಂದು ಗಾಳಿ ಬರುವುದೂ ಉಂಟು. ಮುಚ್ಚಳವನ್ನು ಮೆಲ್ಲಗೆ, ಮುಖ ಆಚೆಗೆ ತಿರುಗಿಸಿಕೊಂಡು ತೆರೆಯಬೇಕು.

ಕಬ್ಬಿಣದ ಕ್ಯಾನಿನ ದೋಷ ತುಕ್ಕು. ಒಳಗಿನ ಬಣ್ಣದ ಲೇಪ ಎದ್ದ ಕ್ಯಾನಿನಲ್ಲಿ ಮಲೆನಾಡಿನ ತೇವ ಸೇರಿ ತುಕ್ಕಿನ ಪುಡಿ ಡೀಸೆಲಿಗೆ ಇಳಿಯುತ್ತದೆ. ಹಳೆಯ ಜೀಪಿನ ಎಂಜಿನ್ನು ಇದನ್ನು ಒಂದಿಷ್ಟು ತಾಳಿಕೊಂಡೀತು. ಈಗಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಅತಿ ಒತ್ತಡದ ಡೀಸೆಲನ್ನು ಚಿಮ್ಮಿಸುವ ಇಂಜೆಕ್ಟರುಗಳು ತಾಳಲಾರವು, ಅವುಗಳ ಒಳಗಿನ ಸಂದುಗಳು ಮೈಕ್ರಾನಿನ ಲೆಕ್ಕದವು. ಟಾರ್ಚು ಹಿಡಿದು ಒಳಗೆ ನೋಡಿ, ಕಂದು ಬಣ್ಣ ಕಂಡರೆ ಆ ಕ್ಯಾನನ್ನು ಬಿಟ್ಟುಬಿಡಿ. ಸತು ಹೊದಿಸಿದ ತಗಡಿನ ಪಾತ್ರೆಯಲ್ಲಿ ಡೀಸೆಲ್ ಇಡಬಾರದು, ಸತು ಕರಗಿ ಇಂಜೆಕ್ಟರಿನಲ್ಲಿ ಕೂರುತ್ತದೆ. ತಾಮ್ರವೂ ಡೀಸೆಲನ್ನು ಬೇಗ ಕೆಡಿಸುತ್ತದೆ. ಪೈಪಿನ ತುದಿಯ ಗುಬ್ಬಿ ನಾಲ್ಕು ನಿಮಿಷ ಮುಳುಗಿರುವುದರಿಂದ ಏನೂ ಆಗದು, ತಿಂಗಳುಗಟ್ಟಲೆ ಇಡುವುದರಿಂದ ಆಗುತ್ತದೆ. ಮೈಲುತುತ್ತ (ತಾಮ್ರದ ಸಲ್ಫೇಟು) ಕದಡಿದ ಡ್ರಮ್ಮನ್ನು ತೊಳೆದು ಡೀಸೆಲಿಗೆ ಬಳಸುವವರನ್ನು ತೋಟಗಳಲ್ಲಿ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಎರಡು ಜಾತಿಯನ್ನು ಬೇರ್ಪಡಿಸಿ ನೋಡಬೇಕು. ಇಂಧನಕ್ಕೆಂದೇ ಮಾಡಿದ, ದಪ್ಪ ಗೋಡೆಯ, ಮೂತಿಯೂ ವಾಷರೂ ಹೊಂದಿಕೆಯಾಗಿರುವ ಕ್ಯಾನು ತುಕ್ಕು ಹಿಡಿಯದು, ಹಗುರ, ಹತ್ತು ಲೀಟರಿನಲ್ಲೂ ಸಿಗುತ್ತದೆ. ಒಬ್ಬರೇ ಪ್ರಯಾಣ ಮಾಡುವವರಿಗೆ ಅಂತಹ ಎರಡು ಕ್ಯಾನುಗಳನ್ನು ನಾನು ಒಪ್ಪುತ್ತೇನೆ. ಸಂತೆಯಲ್ಲಿ ಸಿಗುವ ಅಡುಗೆ ಎಣ್ಣೆಯ, ಕೀಟನಾಶಕದ, ಕುಡಿಯುವ ನೀರಿನ ಹಳೆಯ ಕ್ಯಾನು ಬೇರೆಯೇ ಮಾತು. ಅದರ ಮುಚ್ಚಳದ ರಬ್ಬರು ಡೀಸೆಲಿಗೆ ಮಾಡಿದ್ದಲ್ಲ, ಬಿಸಿಲಿಗೆ ಅದರ ಮೈ ಪುಡಿಯಾಗುತ್ತದೆ, ಒಳಗಿನ ಜಿಡ್ಡು ಪೂರ್ತಿ ಹೋಗಿರುವುದಿಲ್ಲ. ಬಂಕುಗಳಲ್ಲಿ ಬಾಟಲಿಗೋ ಇಂತಹ ಕ್ಯಾನಿಗೋ ಹಾಕಿಕೊಡಲು ನಿರಾಕರಿಸಿದರೆ ಅವರೊಂದಿಗೆ ಜಗಳವಾಡುವುದು ನ್ಯಾಯವಲ್ಲ.

ಬ್ಯಾರಲ್ಲಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 200 ಲೀಟರಿಗೆ 166 ಕಿಲೋ, ಬ್ಯಾರಲ್ಲಿನ ತೂಕವೂ ಸೇರಿ 185 ಕಿಲೋ ದಾಟುತ್ತದೆ. ಅರ್ಧ ಖಾಲಿಯಾದ ಮೇಲೆ ಪ್ರತಿ ತಿರುವಿನಲ್ಲೂ ಒಳಗಿನ ಡೀಸೆಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಡಿಯುತ್ತದೆ. ಸ್ಪರ್ಧೆಗೆ ಐದಾರು ಜೀಪುಗಳ ತಂಡವೇ ಹೋಗುವಾಗ, ಪ್ರತ್ಯೇಕ ಲಾರಿಯಲ್ಲಿ ಮಾತ್ರ ಅದಕ್ಕೆ ಅರ್ಥವಿದೆ. ಇನ್ನೊಂದು ಟ್ಯಾಂಕನ್ನೇ ಗಾಡಿಗೆ ಬೆಸುಗೆ ಹಾಕಿಸಿಕೊಳ್ಳುವ ಯೋಚನೆ ಕೆಲವರಿಗಿರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ರೂಪವನ್ನು ಮಾಲೀಕರು ತಮ್ಮಿಷ್ಟದಂತೆ ಬದಲಿಸುವುದನ್ನು ತಡೆಯುತ್ತದೆ. ಅಪಘಾತವಾದಾಗ ವಿಮೆಯ ತಕರಾರೂ ಬರುತ್ತದೆ. ಅದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ. ಹಳೆಯ ಬ್ಯಾರಲ್ಲನ್ನಾಗಲಿ ಕ್ಯಾನನ್ನಾಗಲಿ ಬೆಸುಗೆ ಹಾಕಿಸುವುದೂ ಅಷ್ಟೇ ಅಪಾಯ. ಖಾಲಿಯೆಂದು ಕಾಣುವುದರೊಳಗೆ ಉಳಿದ ಆವಿಯೇ ಸಿಡಿಯಲು ಸಾಕು.

ಕಾನೂನಿನ ವಿಷಯದಲ್ಲಿ ಅನಗತ್ಯ ಭಯವೂ ಅನಗತ್ಯ ಧೈರ್ಯವೂ ಬೇಡ. 1934ರ ಪೆಟ್ರೋಲಿಯಂ ಕಾಯ್ದೆಯ ವಿಂಗಡಣೆಯಲ್ಲಿ ಡೀಸೆಲ್ ಬಿ ವರ್ಗಕ್ಕೆ ಸೇರುತ್ತದೆ. ಒಟ್ಟು 2500 ಲೀಟರ್ ಮೀರದ, ಯಾವ ಪಾತ್ರೆಯೂ 1000 ಲೀಟರಿಗಿಂತ ದೊಡ್ಡದಾಗಿರದ ಡೀಸೆಲನ್ನು ಇಟ್ಟುಕೊಳ್ಳಲು, ಸಾಗಿಸಲು ಆ ಕಾಯ್ದೆಯಡಿ ಪರವಾನಗಿ ಬೇಕಿಲ್ಲ. ಸ್ವಂತ ಉಪಯೋಗದ 20 ಅಥವಾ 40 ಲೀಟರ್ ಅದರ ಹತ್ತಿರಕ್ಕೂ ಬಾರದು. ಆದರೆ ಡೀಸೆಲಿಗೆ ಬೆಂಕಿ ಹತ್ತುವುದಿಲ್ಲ ಎಂಬ ನಂಬಿಕೆಯನ್ನು ಬಿಡಬೇಕು. ನಮ್ಮ ದೇಶದ ಡೀಸೆಲಿನ ಮಾನಕದಲ್ಲಿ ಆವಿಗೆ ಕಿಡಿ ತಗಲಿದರೆ ಹೊತ್ತಿಕೊಳ್ಳುವ ಉಷ್ಣತೆಯ ಕನಿಷ್ಠ ಮಿತಿ 35 ಡಿಗ್ರಿ. ಮಲೆನಾಡಿನ ತಂಪಿನಲ್ಲಿ ಅದು ದೂರದ ಮಾತೆನಿಸಬಹುದು; ಏಪ್ರಿಲಿನಲ್ಲಿ ಬಳ್ಳಾರಿ, ರಾಯಚೂರಿನ ಬಿಸಿಲಿನಲ್ಲಿ ನಿಂತ ಕ್ಯಾನು ಆ ಮಿತಿಯನ್ನು ದಾಟಿರಬಹುದು. ಮೊದಲು ಪೆಟ್ರೋಲ್ ತುಂಬಿದ್ದ ಕ್ಯಾನಿಗೆ ಡೀಸೆಲ್ ಹಾಕಿದರೆ, ತಳದಲ್ಲಿ ಉಳಿದ ಸ್ವಲ್ಪ ಪೆಟ್ರೋಲೂ ಆ ಉಷ್ಣತೆಯನ್ನು ಬಹಳ ಕೆಳಗೆ ಇಳಿಸಿಬಿಡುತ್ತದೆ.

ಎಲ್ಲಿ ಕಟ್ಟಬೇಕು

ಇಲ್ಲಿ ಸಾಮಾನ್ಯವಾಗಿ ಮೊದಲು ಹೊಳೆಯುವುದು ಟ್ರೈಲರ್. ಜಾಗವಿದೆ, ಗಾಡಿಯ ಒಳಗೆ ವಾಸನೆ ಬರುವುದಿಲ್ಲ. ಆದರೆ ಟ್ರೈಲರಿನ ನಡತೆ ಅದರ ಮೂತಿ ಕೊಕ್ಕೆಯ ಮೇಲೆ ಎಷ್ಟು ಭಾರ ಒತ್ತುತ್ತದೆ ಎಂಬುದನ್ನು ಅವಲಂಬಿಸಿದೆ. ಟ್ರೈಲರಿನ ಒಟ್ಟು ತೂಕದ ನೂರಕ್ಕೆ 5ರಿಂದ 10ರಷ್ಟು ಅಲ್ಲಿ ಕೂರಬೇಕು. ಜೀಪು ಸೇರಿ 1600 ಕಿಲೋ ತೂಗುವ ಟ್ರೈಲರಿಗೆ ಅದು 80ರಿಂದ 160 ಕಿಲೋ. ತುಂಬಿದ ಎರಡು ಕ್ಯಾನುಗಳ 42 ಕಿಲೋವನ್ನು ಟ್ರೈಲರಿನ ಬಾಲಕ್ಕೆ ಕಟ್ಟಿದರೆ ಮೂತಿಯ ಭಾರ ಕಡಿಮೆಯಾಗಿ, ಇಳಿಜಾರಿನಲ್ಲಿ ಟ್ರೈಲರು ಎಡಬಲಕ್ಕೆ ಬಾಲ ಬೀಸಲು ಆರಂಭಿಸುತ್ತದೆ. ಮೂತಿಗೆ ಕಟ್ಟಿದರೆ ಪಿಕಪ್ಪಿನ ಹಿಂಭಾಗ ಕುಗ್ಗುತ್ತದೆ, ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ, ಡೀಸೆಲ್ ಖರ್ಚಾದಂತೆ ಆ ಭಾರವೂ ಬದಲಾಗುತ್ತದೆ. ಟ್ರೈಲರಿನ ಗಡುಸು ಸ್ಪ್ರಿಂಗ್ ಪಟ್ಟಿಗಳ ಮೇಲೆ ಕುಲುಕಾಟ ಹೆಚ್ಚು. ಕ್ಯಾನಿನ ಬೆಸುಗೆ ಬಿಡುವುದು ಇಂತಹ ಕುಲುಕಾಟದಿಂದಲೇ. ಹಿಂದಿನಿಂದ ಯಾರಾದರೂ ಗುದ್ದಿದರೆ ಮೊದಲು ಒಡೆಯುವುದೂ ಅಲ್ಲಿಯ ಕ್ಯಾನೇ.

ಮಾಳಿಗೆಯ ಕ್ಯಾರಿಯರಿನ ಮೇಲಿಟ್ಟರೆ ಪೈಪಿನಿಂದ ಇಳಿಸುವುದು ಅತ್ಯಂತ ಸುಲಭ. ಆದರೂ ನಾನು ಅದನ್ನು ಒಪ್ಪುವುದಿಲ್ಲ. 21 ಕಿಲೋವನ್ನು ತಲೆಯ ಮೇಲೆ ಎತ್ತಬೇಕು, ನೇರ ಬಿಸಿಲು ಬೀಳುತ್ತದೆ, ಚಾರ್ಮಾಡಿಯಂತಹ ತಿರುವುಗಳಲ್ಲಿ ಮೇಲಿನ ಭಾರ ಗಾಡಿಯನ್ನು ಹೊರಕ್ಕೆ ವಾಲಿಸುತ್ತದೆ. ಕ್ಯಾಬಿನ್ನಿನ ಒಳಗೆ ಇಡುವ ಮಾತೇ ಬೇಡ. ಆವಿಯಿಂದ ತಲೆನೋವು ಬರುತ್ತದೆ, ಅಪಘಾತವಾದರೆ ಜನರ ಮೇಲೆಯೇ ಚೆಲ್ಲುತ್ತದೆ.

ನಾನು ಆರಿಸಿಕೊಂಡಿರುವುದು ಪಿಕಪ್ಪಿನ ತೊಟ್ಟಿಯಲ್ಲಿ, ಕ್ಯಾಬಿನ್ನಿನ ಹಿಂಗೋಡೆಗೆ ಆನಿಸಿ, ಹಿಂದಿನ ಅಚ್ಚಿಗಿಂತ ಮುಂದೆ. ನೆಟ್ಟಗೆ ನಿಲ್ಲಿಸಿ, ತಳಕ್ಕೆ ರಬ್ಬರ್ ಚಾಪೆ ಹಾಕಿ, ಎರಡು ರಾಚೆಟ್ ಬೆಲ್ಟುಗಳಿಂದ ಬಿಗಿದು, ಟಾರ್ಪಾಲಿನ ನೆರಳು ಕೊಡುತ್ತೇನೆ. ರಬ್ಬರಿನ ಬದಲು ಕಾಫಿಯ ಗೋಣಿಚೀಲ ಹಾಸುವವರಿದ್ದಾರೆ. ಡೀಸೆಲ್ ಹೀರಿದ ಗೋಣಿ ದೀಪದ ಬತ್ತಿಯಂತೆ ಹೊತ್ತಿಕೊಳ್ಳಲು ಸಿದ್ಧವಾಗಿರುತ್ತದೆ. ಕಾಫಿಯ ಮಾತು ಬಂದದ್ದರಿಂದ ತೋಟದವರಿಗೆ ಇನ್ನೊಂದು ವಿಷಯ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಎಳೆದುಕೊಳ್ಳುತ್ತದೆ. ಡೀಸೆಲ್ ಚೆಲ್ಲಿದ ತೊಟ್ಟಿಯಲ್ಲಿ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಹಾಕಿದರೆ ಆ ಮೂಟೆಯ ರುಚಿಯೇ ಹೋಗುತ್ತದೆ. ಕೊಯ್ಲಿನ ತಿಂಗಳುಗಳಲ್ಲಿ ಕಾಫಿ ಸಾಗಿಸುವ ಗಾಡಿಗೆ ಕ್ಯಾನು ಏರಿಸದಿರುವುದೇ ಲೇಸು.

ಬಂಕಿನಲ್ಲಿ ಕ್ಯಾನು ತುಂಬಿಸುವಾಗ ಅದನ್ನು ತೊಟ್ಟಿಯಿಂದ ಇಳಿಸಿ ನೆಲದ ಮೇಲಿಡಬೇಕು, ನಳಿಕೆಯ ತುದಿ ಕ್ಯಾನಿನ ಬಾಯಿಗೆ ತಗಲಿಕೊಂಡೇ ಇರಬೇಕು, ಮೆಲ್ಲಗೆ ತುಂಬಿಸಬೇಕು. ಸ್ಥಾಯಿ ವಿದ್ಯುತ್ತು ನೆಲಕ್ಕೆ ಹರಿದುಹೋಗಲು ಇದೇ ದಾರಿ. ದಾರಿಯಲ್ಲಿ ಟ್ಯಾಂಕಿಗೆ ಇಳಿಸುವಾಗ ರಸ್ತೆಯಿಂದ ಪೂರ್ತಿ ಆಚೆಗೆ, ಸಮತಟ್ಟಾದ ಕಡೆ ನಿಲ್ಲಿಸಿ, ಎಂಜಿನ್ನು ಆಫ್ ಮಾಡಿ, ಟ್ರೈಲರಿನ ಚಕ್ರಗಳಿಗೆ ಕಲ್ಲು ಕೊಡಬೇಕು. ಅಂದು ಚಾರ್ಮಾಡಿಯಲ್ಲಿ ನಾನು ಚೆಲ್ಲಿದ ಡೀಸೆಲ್ ಮಳೆನೀರಿನ ಮೇಲೆ ಬಣ್ಣಬಣ್ಣದ ಪೊರೆಯಾಗಿ ಇಳಿಜಾರಿಗೆ ಹರಿದು ಹೋದದ್ದು ಇನ್ನೂ ಕಣ್ಣ ಮುಂದಿದೆ. ಕೆಳಗಿನ ತಿರುವಿನಲ್ಲಿ ಬೈಕಿನವರಿದ್ದರು. ಜತೆಗಿದ್ದ ಹುಡುಗ ಓಡಿಹೋಗಿ ಅವರನ್ನು ನಿಧಾನಿಸಿದ. ಅಂದಿನಿಂದ ಒಂದು ಚೀಲದಲ್ಲಿ ಐದು ಕಿಲೋ ಒಣಮರಳು ಗಾಡಿಯಲ್ಲೇ ಇರುತ್ತದೆ. ಚೆಲ್ಲಿದ ಮೇಲೆ ಮರಳು ಹರಡಿ, ಉಜ್ಜಿ, ಗುಡಿಸಿ ತೆಗೆಯದೆ ಅಲ್ಲಿಂದ ಹೊರಡಬಾರದು.

ಬಿಎಸ್-6 ಮಾಲಿನ್ಯ ಮಿತಿಯ ಗಾಡಿಗಳಲ್ಲಿ, ಹೊಗೆಯ ಮಾಲಿನ್ಯ ತಗ್ಗಿಸಲು ಯೂರಿಯಾ ದ್ರಾವಣ ಬೇಕಾಗುವವುಗಳನ್ನು ಬಳಸುವವರು ಅದರ ಕ್ಯಾನನ್ನೂ ಒಯ್ಯುತ್ತಾರೆ. ಅದರ ನೂರಕ್ಕೆ 32.5 ಭಾಗ ಯೂರಿಯಾ, ಉಳಿದದ್ದು ನೀರು. ಕತ್ತಲಲ್ಲಿ ಅದನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಇಂಧನದ ವ್ಯವಸ್ಥೆಯನ್ನೇ ಬಿಚ್ಚಿ ಸರಿಪಡಿಸಬೇಕಾಗುತ್ತದೆ. ಎರಡೂ ಕ್ಯಾನುಗಳ ಬಣ್ಣ ಬೇರೆಯಿರಲಿ, ಜಾಗವೂ ಬೇರೆಯಿರಲಿ, ಪೈಪೂ ಬೇರೆಯಿರಲಿ. ಉತ್ತರದ ಚಳಿಗೆ ಹೋಗುವವರು ಇಲ್ಲಿಂದ ತುಂಬಿಸಿದ ಡೀಸೆಲನ್ನು ಅಲ್ಲಿಯವರೆಗೆ ಉಳಿಸಿಕೊಂಡು ಹೋಗಬಾರದು. ಮೇಣ ಕಟ್ಟಿ ಫಿಲ್ಟರು ಮುಚ್ಚಿಹೋಗುತ್ತದೆ. ಲಡಾಖಿನ ಚಳಿಗಾಲಕ್ಕೆಂದು ಇಂಡಿಯನ್ ಆಯಿಲ್ 2019ರಲ್ಲಿ ಬೇರೆಯೇ ಡೀಸೆಲ್ ತಂದಿತು. ಅದು ಸೊನ್ನೆಗಿಂತ 33 ಡಿಗ್ರಿ ಕೆಳಗಿನವರೆಗೂ ಹರಿಯುತ್ತದೆ.

ಕ್ಯಾನಿದೆಯೆಂಬ ಧೈರ್ಯದಲ್ಲಿ ಟ್ಯಾಂಕನ್ನು ಪೂರ್ತಿ ಬರಿದುಮಾಡಬೇಡಿ. ಹಳೆಯ ಜೀಪಿನಲ್ಲಿ ಡೀಸೆಲಿನ ಕೊಳವೆಗೆ ಗಾಳಿ ಸೇರಿ ಏರ್ ಹಿಡಿದರೆ ಫಿಲ್ಟರಿನ ಮೇಲಿನ ಕೈಪಂಪು ಒತ್ತಿ, ತಿರುಪು ಸಡಿಲಿಸಿ, ನೊರೆ ನಿಂತು ಡೀಸೆಲ್ ಬರುವವರೆಗೆ ಏರ್ ತೆಗೆದು ಮುಂದೆ ಹೋಗಬಹುದು. ಕಾಮನ್ ರೈಲ್ ಗಾಡಿಯಲ್ಲಿ ಒತ್ತಡದ ಪಂಪಿಗೆ ಡೀಸೆಲೇ ಕೀಲೆಣ್ಣೆ. ಅದಿಲ್ಲದೆ ತಿರುಗಿದರೆ ಪಂಪು ಸವೆದು ಲೋಹದ ಪುಡಿ ಇಂಜೆಕ್ಟರಿನವರೆಗೂ ಹೋಗುತ್ತದೆ. ಸೂಜಿ ಕಾಲುಭಾಗಕ್ಕೆ ಬಂದಾಗಲೇ, ಹಗಲು ಬೆಳಕಿರುವಾಗಲೇ, ಒಳ್ಳೆಯ ಜಾಗ ಕಂಡಾಗಲೇ ಕ್ಯಾನನ್ನು ಇಳಿಸಿಬಿಡುವುದು ನನ್ನ ಪದ್ಧತಿ.

ಮನೆಗೆ ಬಂದ ದಿನವೇ ಉಳಿದ ಡೀಸೆಲನ್ನು ಟ್ಯಾಂಕಿಗೆ ಹಾಕುತ್ತೇನೆ. ಅರ್ಧ ತುಂಬಿದ ಕ್ಯಾನನ್ನು ಮಳೆಗಾಲದಲ್ಲಿ ಶೆಡ್ಡಿನಲ್ಲಿಟ್ಟರೆ ಒಳಗಿನ ಗಾಳಿಯ ತೇವ ನೀರಾಗಿ ತಳಕ್ಕಿಳಿದು, ನೀರೂ ಡೀಸೆಲೂ ಕೂಡುವಲ್ಲಿ ಕಪ್ಪು ಲೋಳೆ ಬೆಳೆಯುತ್ತದೆ. ಖಾಲಿ ಕ್ಯಾನನ್ನು ಬೋರಲು ಹಾಕಿ ಸೋರಿಸಿ, ಪೈಪುಗಳನ್ನು ತೂಗುಹಾಕಿ ಒಣಗಿಸಿ, ಮುಚ್ಚಳ ಬಿಗಿದು ನೆರಳಿನಲ್ಲಿಡುತ್ತೇನೆ. ಮುಚ್ಚಳದ ವಾಷರು ವರ್ಷಕ್ಕೊಮ್ಮೆ ಗಡುಸಾಗಿ ಬಿರುಕು ಬಿಡುತ್ತದೆ. ಮೇ ತಿಂಗಳಿನಲ್ಲಿ, ಮುಂಗಾರಿಗೆ ಮುಂಚೆ, ಉಗುರಿನಿಂದ ಒತ್ತಿ ನೋಡಿ, ಗುರುತು ಮೂಡದಷ್ಟು ಗಟ್ಟಿಯಾಗಿದ್ದರೆ ಹೊಸದು ಹಾಕಿಸುತ್ತೇನೆ. ಹಳೆಯದನ್ನು ಎಸೆಯುವ ಮೊದಲು ಅಳತೆಗೆಂದು ಅಂಗಡಿಗೆ ಜತೆಯಲ್ಲೇ ಒಯ್ಯುವುದು ಒಳ್ಳೆಯದು.